ಹಿನ್ನೆಲೆ ಸದ್ದು

ಸೆಪ್ಟೆಂಬರ್ 2, ಮಂಗಳವಾರ

ಕೇಂದ್ರದ ಕಟ್ಟಡದ ರಿಪೇರಿ ಮುಗಿಯುವವರೆಗೆ ನಾವು ಮಾತಿನ ಚಿಕಿತ್ಸಕರೆಲ್ಲ ಮನೆಯಿಂದಲೇ, ಇಂಟರ್‌ನೆಟ್ ಕಾಲ್‌ನಲ್ಲಿ ಕೆಲಸ ಮಾಡಬೇಕು ಎಂದಾಗಿ ಎರಡು ವಾರವಾಯಿತು. ಈಜು ಕಲಿಸುವವನು ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಂತಿದೆ. ಅದನ್ನಾದರೂ ಸಹಿಸಬಹುದು. ಇವತ್ತು ಆದದ್ದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಉಗ್ಗುವ ಹುಡುಗಿಯೊಬ್ಬಳಿಗೆ ಪಾಠ ನಡೆಯುತ್ತಿತ್ತು. ಪಕ್ಕದಲ್ಲಿ ಅವಳ ತಾಯಿ. “ಆತುರ ಬೇಡ, ಮೊದಲು ಉಸಿರು, ಆಮೇಲೆ ಮಾತು” ಎನ್ನುತ್ತಿದ್ದೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅಕ್ಕ ತನ್ನ ಆಫೀಸಿನವರ ಜೊತೆ ಫೋನಿನಲ್ಲಿ ಕಿರುಚಿದಳು: “ರಜೆ ಕೊಡಲ್ವಂತಾ? ನಾನೇನು ಅವನಪ್ಪನ ಮನೆ ಆಳಾ? ಅವನ ತಲೆ ಮೇಲೆ ಕೂತು ತಗೋತೀನಿ!”

ಹುಡುಗಿ ಕಣ್ಣರಳಿಸಿದಳು. ಆಮೇಲೆ, ಒಂದಕ್ಷರವೂ ತಡವರಿಸದೆ, “ತಲೆ ಮೇಲೆ ಕೂತು ತಗೋತೀನಿ” ಎಂದಳು.

ತಾಯಿ ಬಿದ್ದು ಬಿದ್ದು ನಕ್ಕರು. “ಇರಲಿ ಬಿಡಿ ಮೇಡಂ, ಎಲ್ಲರ ಮನೆ ಕಥೆನೂ ಇಷ್ಟೇ.”

ನನ್ನ ಮುಖ ಕಿವಿಯವರೆಗೆ ಬಿಸಿಯಾಯಿತು. ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ನನ್ನ ಮನೆ ಎಲ್ಲಿದೆ ಎಂದು ಒಬ್ಬ ರೋಗಿಗೂ ಗೊತ್ತಿರಲಿಲ್ಲ. ಈಗ ನಮ್ಮ ಅಡುಗೆಮನೆಯೇ ಅವರ ಮುಂದೆ ಬಂದು ಕೂತಿತು. ಅಕ್ಕನಿಗೆ ಹೇಳಿದರೆ, “ಹುಡುಗಿ ಸಲೀಸಾಗಿ ಮಾತಾಡಿದಳಲ್ಲ, ಫೀಸು ನನಗೆ ಕೊಡು” ಎಂದಳು.

ಸಂಜೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ. ‘ಹಿನ್ನೆಲೆ ಸದ್ದು ಅಡಗಿಸು’ ಅಂತ ಒಂದಿದೆ. ಬೇಡ, ಕಡಿಮೆ, ಹೆಚ್ಚು. ‘ಹೆಚ್ಚು’ ಒತ್ತಿದೆ. ಅಕ್ಕನ ಕೈಗೆ ಒಂದು ತಟ್ಟೆ, ಒಂದು ಸೌಟು ಕೊಟ್ಟು ಬಡಿಯಲು ಹೇಳಿ ರೆಕಾರ್ಡ್ ಮಾಡಿ ಕೇಳಿದೆ. ನನ್ನ ಮಾತು ಇದೆ, ಅವಳಿಲ್ಲ. ಎಷ್ಟು ಹಗುರವಾಯಿತೋ.

ಸೆಪ್ಟೆಂಬರ್ 5, ಶುಕ್ರವಾರ

ಮಂಗಳವಾರ, ಶುಕ್ರವಾರ ಕೊನೆಯ ಕೇಸು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರದು. ವರ್ಷದ ಮೊದಲಲ್ಲಿ ಪಾರ್ಶ್ವವಾಯು ಹೊಡೆದಿದೆ. ಕೈಕಾಲು ಸುಮಾರಾಗಿ ಸುಧಾರಿಸಿವೆ; ದನಿ ಮಾತ್ರ ಸೋರಿಹೋದ ಟೈರಿನದು, ಗಾಳಿಯೇ ಹೆಚ್ಚು. ಬಾಯಿಗೆ ಬರುವ ಪದಗಳು ಬೆರಳೆಣಿಕೆ, ಅವೂ ಕಸುಬಿನವು: ಬ್ರೇಕ್, ಕ್ಲಚ್, ಸೈಡ್. ಹೆಂಡತಿ ದರ್ಜಿ. ರಸ್ತೆ ಬದಿಯ ಹೊಲಿಗೆ ಅಂಗಡಿ, ಅದರ ಹಿಂದೆ ಮನೆ. ಕಾಲ್‌ಗೆ ಅವರು ಕೂರುವುದು ಅಂಗಡಿಯಲ್ಲೇ, ಇಂಟರ್‌ನೆಟ್ ಅಲ್ಲೇ ಚೆನ್ನಾಗಿ ಸಿಗುತ್ತದಂತೆ. ರೋಗಿಯ ಹೆಗಲ ಹಿಂದೆ ದೊಡ್ಡ ಗಾಜು, ರವಿಕೆ ತೊಟ್ಟ ಎರಡು ಗೊಂಬೆ, ಆಚೆಗೆ ರಸ್ತೆ.

ಅವರ ಮುಖ್ಯ ಅಭ್ಯಾಸ ಒಂದೇ. ಉಸಿರು ತುಂಬಿಕೊಂಡು ‘ಆ’ ಎಂದು ಎಳೆಯಬೇಕು, ಉಸಿರು ತೀರುವವರೆಗೆ. ನಾನು ಗಡಿಯಾರ ಹಿಡಿದು ನೋಡುತ್ತೇನೆ. ಗಂಟಲಿನ ತಂತುಗಳು ಎಷ್ಟು ಬಲವಾಗಿ ಕೂಡುತ್ತಿವೆ ಅನ್ನುವುದಕ್ಕೆ ಅದಕ್ಕಿಂತ ಸರಳ ಅಳತೆ ಇಲ್ಲ. ಇವತ್ತು ಆರು ಸೆಕೆಂಡ್ ಇರಬಹುದು. ಖಚಿತವಾಗಿ ಹೇಳಲಾರೆ, ಯಾಕೆಂದರೆ ಹಿಂದೆ ಹೊಲಿಗೆ ಮಿಷನ್ ಗಡಗಡ ಎನ್ನುತ್ತಲೇ ಇತ್ತು.

“ಸ್ವಲ್ಪ ನಿಲ್ಲಿಸ್ತೀರಾ?” ಎಂದೆ.

“ನಿಲ್ಲಿಸಿದ್ರೆ ನಾಳೆ ಮೂರು ಯೂನಿಫಾರ್ಮ್ ನೀವು ಹೊಲಿದು ಕೊಡ್ತೀರಾ ಮೇಡಂ?” ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದರು ಹೆಂಡತಿ.

ನಾನು ಹೊಸದಾಗಿ ಕಲಿತ ವಿದ್ಯೆ ಅವರಿಗೂ ಹೇಳಿಕೊಟ್ಟೆ. ಸೆಟ್ಟಿಂಗ್ಸ್, ಅದರೊಳಗೆ ಧ್ವನಿ, ಅದರೊಳಗೆ ಹಿನ್ನೆಲೆ ಸದ್ದು. “ಬೇಡ, ಕಡಿಮೆ, ಹೆಚ್ಚು ಅಂತೆಲ್ಲ ಇದೆಯಲ್ಲ, ಯಾವ್ದು?” “ಹೆಚ್ಚು.” ಒತ್ತಿದರು. ಅವರ ಕಾಲು ಪೆಡಲ್ ಮೇಲೆ ಓಡುತ್ತಿದೆ, ಸೂಜಿ ಕುಣಿಯುತ್ತಿದೆ, ಸದ್ದೇ ಇಲ್ಲ. ಮಂತ್ರ ಹಾಕಿದ ಹಾಗೆ. ಕೆಲಸ ಬಲ್ಲವಳೆಂಬ ಸಂತೋಷ ಆಯಿತು, ಸುಳ್ಳು ಯಾಕೆ.

ಸೆಪ್ಟೆಂಬರ್ 9, ಮಂಗಳವಾರ

ಡ್ರೈವಿಂಗ್ ಮೇಷ್ಟ್ರ ಕೇಸು: ಎರಡು ಸೆಕೆಂಡ್. ಮತ್ತೆ ಮಾಡಿಸಿದೆ, ಎರಡು. ಮಿಷನ್ ಗದ್ದಲದಲ್ಲಿ ಆರು ಅನ್ನಿಸಿದ್ದು ನನ್ನ ಔದಾರ್ಯ ಇರಬೇಕು. ನಿಶ್ಶಬ್ದದಲ್ಲಿ ನಿಜ ತಿಳಿಯುತ್ತದೆ.

ವಿಚಿತ್ರವೆಂದರೆ ‘ಬ್ರೇಕ್’, ‘ಕ್ಲಚ್’ ಸರಿಯಾಗಿಯೇ ಬರುತ್ತವೆ. ಬೇಕಾದಾಗ ಬರುವ ದನಿ ಅಭ್ಯಾಸದಲ್ಲಿ ಬರುವುದಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಮತ್ತೆ ಅಷ್ಟೇ. ದನಿ ನಿಂತ ಮೇಲೂ ಬಾಯಿ ತೆರೆದುಕೊಂಡೇ ಕೂತಿರುತ್ತಾರೆ, ನನ್ನನ್ನು ನೋಡುತ್ತಾ. ಪರೀಕ್ಷೆಯಲ್ಲಿ ಉತ್ತರ ಬರೆಯದೆ ಪೆನ್ನು ಆಡಿಸುವವರ ಹಾಗೆ.

ಹೆಂಡತಿ ನಡುವೆ ಬಾಯಿ ಹಾಕಿದರು. “ಇಲ್ಲಿ ಚೆನ್ನಾಗೇ ಎಳೀತಾರೆ ಮೇಡಂ. ನಾನು ಒಂದು ತೋಳಿನ ಅಂಚು ಮಡಚಿ ಹೊಲಿಯೋವಷ್ಟು ಹೊತ್ತು.”

“ನಿಮಗೆ ಹಾಗೆ ಅನ್ನಿಸುತ್ತೆ” ಎಂದೆ, ಮೃದುವಾಗಿಯೇ. ಮನೆಯವರಿಗೆ ಯಾವಾಗಲೂ ಸುಧಾರಣೆ ಕಾಣುತ್ತದೆ. ನಮಗೆ ಅದನ್ನು ಮೊದಲ ವರ್ಷವೇ ಹೇಳಿಕೊಡುತ್ತಾರೆ: ಪ್ರೀತಿ ಮಾಡುವವರ ಕಿವಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸೆಪ್ಟೆಂಬರ್ 16, ಮಂಗಳವಾರ

ಇವತ್ತು ಮೇಷ್ಟ್ರ ಹತ್ತಿರ ಗಡುಸಾಗಬೇಕಾಯಿತು. ಕೆಲವರಿಗೆ ಅದೂ ಔಷಧವೇ.

“ಬಾಯಿ ತೆರೆದು ಕೂತರೆ ಸಾಲದು ಸರ್. ದನಿ ಬರಬೇಕು. ನೀವು ಎರಡು ಸೆಕೆಂಡಿಗೆ ಕೈಬಿಡ್ತಿದ್ದೀರಿ. ನನಗೇನೂ ಕೇಳಿಸ್ತಿಲ್ಲ.”

ಅವರು ತಮ್ಮ ಕಿವಿ ಮುಟ್ಟಿಕೊಂಡು ನನ್ನನ್ನು ನೋಡಿದರು. ನನ್ನ ಮಾತು ಅವರಿಗೆ ಕೇಳಲಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಹೇಳಿದೆ: “ನನಗೆ. ಏನೂ. ಕೇಳಿಸ್ತಿಲ್ಲ.”

ಆಮೇಲೆ ಅವರು ಮತ್ತೆ ಪ್ರಯತ್ನ ಮಾಡಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮೇಷ್ಟ್ರು ಬಾಯಿ ಬಿಚ್ಚಲಿಲ್ಲ. ಗೊಂಬೆಗಳ ಪಕ್ಕ ಮೂರನೆಯ ಗೊಂಬೆಯ ಹಾಗೆ ಕೂತಿದ್ದರು. ಹೆಂಡತಿ, “ನೀವು ಬೈದ್ರಿ, ಅವರು ಮುನಿಸಿಕೊಂಡ್ರು” ಎಂದರು. ನಾನು ಬೈಯಲಿಲ್ಲ, ಇದ್ದದ್ದು ಹೇಳಿದೆ ಎಂದೆ.

ಸೆಪ್ಟೆಂಬರ್ 22, ಸೋಮವಾರ

ತಿಂಗಳ ವರದಿ ಕಳಿಸಿದೆ. ಡ್ರೈವಿಂಗ್ ಮೇಷ್ಟ್ರ ಹೆಸರಿನ ಮುಂದೆ ‘ಸಾಮರ್ಥ್ಯವಿದೆ, ಪ್ರಯತ್ನವಿಲ್ಲ’ ಎಂದು ಬರೆದೆ. ಹಾಗೆ ಬರೆದರೆ ಅವರ ಸರದಿ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದೆ ಎಂದು ಗೊತ್ತು. ಕಾಯುತ್ತಿರುವವರೂ ಮನುಷ್ಯರೇ ತಾನೆ.

ಸೆಪ್ಟೆಂಬರ್ 24, ಬುಧವಾರ

ಮತ್ತೆ ಮಾನ ಹೋಯಿತು, ಈ ಸಲ ಎಲ್ಲರ ಮುಂದೆ.

ಬುಧವಾರದ ಸಭೆ, ಅದೂ ಕಾಲ್‌ನಲ್ಲೇ. ಹೊಸದಾಗಿ ಸೇರಿದವರಿಗೆ ‘ಆ’ ಎಳೆಯುವ ಅಭ್ಯಾಸ ಮಾಡಿ ತೋರಿಸಿ ಎಂದರು ಮುಖ್ಯಸ್ಥೆ. ಬೆನ್ನು ನೆಟ್ಟಗೆ ಮಾಡಿ, ಉಸಿರು ತುಂಬಿಕೊಂಡು ಎಳೆದೆ. ಪರದೆಯ ಮೇಲಿನ ಮುಖಗಳೆಲ್ಲ ಒಮ್ಮೆಲೇ ಮುಂದಕ್ಕೆ ಬಾಗಿದವು. ಯಾರೋ ಕಿಸಕ್ಕೆಂದರು.

“ನಿಮ್ಮ ದನಿ ಹೋಗ್ಬಿಡ್ತು ಕಣ್ರೀ” ಎಂದರು ಮುಖ್ಯಸ್ಥೆ. “ಮೀನು ಬಾಯಿ ತೆಗೆದ ಹಾಗೆ ಕಾಣ್ತಿದ್ದೀರಿ. ಮೈಕ್ ನೋಡಿಕೊಳ್ಳಿ. ಮಾತು ಕಲಿಸೋರ ಮೈಕೇ ಹೀಗಿದ್ರೆ ಹೇಗೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕ್ಯಾಮೆರಾ ಆರಿಸಿದ ಮೇಲೆ ನಗು ಮುಖದ ಮೇಲೇ ಅಂಟಿಕೊಂಡಿತ್ತು, ಅಳಿಸಿ ಹಾಕಬೇಕಾಯಿತು.

ಸೆಪ್ಟೆಂಬರ್ 25, ಗುರುವಾರ

ಇಡೀ ದಿನ ಮೈಕ್ ಜೊತೆ ಗುದ್ದಾಟ. ಮೊದಲು ಲ್ಯಾಪ್‌ಟಾಪಿನಲ್ಲಿ ಮೈಕ್ ಮಟ್ಟ ಪೂರ್ತಿ ಮೇಲಕ್ಕೆ ಎಳೆದೆ. ಸ್ವಲ್ಪ ಹೊತ್ತಿಗೆ ತಾನೇ ಕೆಳಗಿಳಿದಿತ್ತು. ಯಾವುದೋ ಅದೃಶ್ಯ ಕೈ. ನೋಡಿದರೆ, ಕಾಲ್ ಮಾಡುವ ತಂತ್ರಾಂಶವೇ ‘ಮೈಕ್ ಮಟ್ಟವನ್ನು ತಾನಾಗಿ ಹೊಂದಿಸು’ ಎಂದು ಗುರುತು ಹಾಕಿಕೊಂಡು ಕೂತಿದೆ. ಅದನ್ನು ತೆಗೆದೆ. ದನಿ ತುಸು ದೊಡ್ಡದಾಯಿತು. ಮೈಕಿನ ತೂತಿಗೆ ಧೂಳು ಕಟ್ಟಿರಬಹುದು ಎಂದು ಬ್ರಷ್ ಆಡಿಸಿದೆ. ಯಾವ ಮೈಕ್ ಆಯ್ಕೆಯಾಗಿದೆ ಎಂದು ನೋಡಿದೆ, ಸರಿಯಾದದ್ದೇ. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಹೊಸ ಹೆಡ್‌ಫೋನ್ ತಂದೆ.

ಮಾತು ಚೆನ್ನಾಗಿ ಹೋಗುತ್ತದೆ. ‘ಆ’ ಎಳೆದರೆ ರೆಕಾರ್ಡಿಂಗಿನಲ್ಲಿ ಮತ್ತೆ ಅರ್ಧಕ್ಕೇ ಮಾಯ. ಹೆಡ್‌ಫೋನೂ ಕಳಪೆ ಇರಬೇಕು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದಳು ಅಕ್ಕ.

ಸೆಪ್ಟೆಂಬರ್ 26, ಶುಕ್ರವಾರ

ಡ್ರೈವಿಂಗ್ ಮೇಷ್ಟ್ರ ಕೊನೆಯ ದಿನ. ಚಿಕಿತ್ಸೆ ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ ಎಂದು ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿಗೆ ಎನ್ನುವ ಹಾಗೆ. ಹೆಂಡತಿ ಮಿಷನ್ ನಿಲ್ಲಿಸಿದರು. ಅದು ಕೇಳಿಸಲಿಲ್ಲ, ಕಾಲು ನಿಂತದ್ದು ಕಾಣಿಸಿತು.

“ಆಯ್ತು ಮೇಡಂ” ಎಂದು ಲ್ಯಾಪ್‌ಟಾಪ್ ಮುಚ್ಚಿದರು.

ಸೆಪ್ಟೆಂಬರ್ 28, ಭಾನುವಾರ

ಬುಧವಾರಕ್ಕೆ ಮುಂಚೆ ಮೈಕ್ ಸರಿಯಾಗಬೇಕು. ಅಕ್ಕನನ್ನು ಕಾಡಿ ಬೇಡಿ ಫೋನ್ ಹಿಡಿಸಿ ಕೆಳಗೆ ಅಂಗಳಕ್ಕೆ ಕಳಿಸಿದೆ, ನನ್ನ ದನಿ ನೇರವಾಗಿ ಕೇಳದಷ್ಟು ದೂರ. ಕಾಲ್ ಹಚ್ಚಿ ‘ಆ’ ಎಳೆದೆ.

ನಾನಿನ್ನೂ ಎಳೆಯುತ್ತಲೇ ಇದ್ದೇನೆ, ಅಕ್ಕ ಹೇಳುತ್ತಾಳೆ: “ಏನೇ, ಎರಡು ಸೆಕೆಂಡಿಗೇ ಕೈಬಿಟ್ಟೆ?”

ಉಸಿರು ಅಲ್ಲೇ ನಿಂತಿತು.

“ಇನ್ನೊಂದು ಸಲ” ಎಂದೆ. ಸೆಟ್ಟಿಂಗ್ಸ್ ತೆರೆದು ‘ಹಿನ್ನೆಲೆ ಸದ್ದು ಅಡಗಿಸು’ ಎನ್ನುವುದಕ್ಕೆ ‘ಬೇಡ’ ಎಂದು ಒತ್ತಿದೆ. ಎಳೆದೆ.

“ಅಯ್ಯೋ ಸಾಕು ಮಾರಾಯ್ತಿ, ಕಿವಿ ತೂತಾಗುತ್ತೆ!”

ಅರ್ಥ ಆಗಲು ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಆ ಸೆಟ್ಟಿಂಗಿಗೆ ಮಾತು ಅಂದರೆ ಏರಿಳಿಯುವ ಸದ್ದು. ಏರದೆ ಇಳಿಯದೆ ಒಂದೇ ಸಮನೆ ಬರುವುದೆಲ್ಲ ಅದರ ಮಟ್ಟಿಗೆ ಫ್ಯಾನು, ಮೋಟಾರು, ಹೊಲಿಗೆ ಮಿಷನ್. ‘ಬ್ರೇಕ್’ ಚುಟುಕು ಪದ, ಬಿಟ್ಟುಬಿಡುತ್ತದೆ. ಏರಿಳಿತವಿಲ್ಲದೆ, ಗಾಳಿ ತುಂಬಿದ ದನಿಯಲ್ಲಿ, ಉಸಿರು ತೀರುವವರೆಗೆ ‘ಆ’ ಎನ್ನುವ ಮನುಷ್ಯನನ್ನು ಒರೆಸಿ ಹಾಕುತ್ತದೆ. ಅದನ್ನು ಒತ್ತಲು ಹೇಳಿದವಳು ನಾನು.

ಬಾಯಿ ತೆರೆದುಕೊಂಡೇ ಕೂತಿರುತ್ತಾರೆ ಎಂದು ಬರೆದಿದ್ದೆ. ಅವರು ಎಳೆಯುತ್ತಿದ್ದರು.

ಅಕ್ಕ ಮೇಲೆ ಬಂದು ನನ್ನ ಮುಖ ನೋಡಿ ತಮಾಷೆ ಮಾಡಲಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಫೋನ್ ಕೈಗೆ ತೆಗೆದುಕೊಂಡೆ. ಇಟ್ಟೆ.

ಸೆಪ್ಟೆಂಬರ್ 30, ಮಂಗಳವಾರ

ಮುಖ್ಯಸ್ಥೆಗೆ ಹೇಳಿದೆ. ವರದಿ ತೆರೆದು ನೋಡಿದರು. “ವರದಿ ಬದಲಾಯಿಸಿ ಕಳಿಸಿ. ಮಂಗಳವಾರ, ಶುಕ್ರವಾರದ ಸರದಿ ಬೇರೆಯವರಿಗೆ ಕೊಟ್ಟಾಯ್ತು, ನಿಮ್ಮ ಊಟದ ಬಿಡುವಿನಲ್ಲಿ ಮಾಡೋದಾದ್ರೆ ನನ್ನ ಅಡ್ಡಿ ಇಲ್ಲ.” ಆಮೇಲೆ, ದನಿ ತಗ್ಗಿಸಿ, “ಅವರಿಗೆ ಇದೆಲ್ಲ ವಿವರಿಸೋಕೆ ಹೋಗಬೇಡಿ. ಮತ್ತೆ ಅವಕಾಶ ಸಿಕ್ಕಿದೆ ಅಂದ್ರೆ ಸಾಕು. ಸೆಟ್ಟಿಂಗ್ ತೆಗೆಸಿಬಿಡಿ. ತಿಳಿಯದವರಿಗೆ ತಿಳಿಸಿ ನಾವ್ಯಾಕೆ ಸಣ್ಣವರಾಗೋದು?”

ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆ ಮಾತು ಕೇಳಿ ನನಗೆ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಹೌದಲ್ಲ, ಹೇಳಲೇಬೇಕು ಅಂತ ಎಲ್ಲಿದೆ? ಮೇಷ್ಟ್ರಿಗೆ ಬೇಕಾದದ್ದು ಚಿಕಿತ್ಸೆ, ನನ್ನ ತಪ್ಪೊಪ್ಪಿಗೆ ಅಲ್ಲ.

ಅಂಗಡಿಗೆ ಫೋನ್ ಮಾಡಿದೆ. ಮತ್ತೆ ಶುರು ಮಾಡಬಹುದು, ಮಧ್ಯಾಹ್ನದ ಹೊತ್ತು, ಎಂದೆ.

“ಅವರು ಬರಲ್ಲ ಮೇಡಂ.”

“ಇನ್ನೂ ಕೋಪವಾ?”

“ಕೋಪ ಇದ್ದಿದ್ರೆ ಎಷ್ಟೋ ಚೆನ್ನಾಗಿತ್ತು.” ಮಿಷನ್ನಿನ ಗಡಗಡ ಈ ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ನಿಂತಿತು. “ನನ್ನ ಹತ್ರನೂ ಮಾತಾಡ್ತಿಲ್ಲ. ಮೊದಲು ಅದೂ ಇದೂ ಅಂತಿದ್ರು, ಸನ್ನೆ ಮಾಡಿ ನಗಿಸ್ತಿದ್ರು. ಈಗ ಬಾಯೇ ತೆಗೆಯಲ್ಲ. ನಿನ್ನೆ ಕಾಗದದ ಮೇಲೆ ಎಡಗೈಲಿ ಬರೆದು ತೋರಿಸಿದ್ರು: ‘ನನ್ನ ಕಿವಿ ಸುಳ್ಳು.’ ನೀವು ಏನೂ ಕೇಳಿಸ್ತಿಲ್ಲ ಅಂದ್ರಲ್ಲ, ಆದ್ರೆ ಅವರಿಗೆ ಅವರ ದನಿ ಕೇಳ್ತಿತ್ತು. ತಲೆ ಒಳಗೆ ಹುಟ್ಟೋ ದನಿ ಅದು, ಹೊರಗೆ ಬರ್ತಾನೇ ಇಲ್ಲ, ತನಗೆ ಇನ್ನೂ ಏನೋ ಕೆಟ್ಟಿದೆ ಅಂತ ತಿಳ್ಕೊಂಡಿದ್ದಾರೆ. ನನಗೆ ಕೇಳುತ್ತೆ ಅಂದ್ರೆ ನೀನು ಹೆಂಡತಿ, ನೀನು ಹಾಗೇ ಹೇಳ್ತೀಯ ಅನ್ನೋ ತರ ನೋಡ್ತಾರೆ.”

ಕಿವಿ ಮುಟ್ಟಿಕೊಂಡದ್ದು ನೆನಪಾಯಿತು. ನಾನು ಇನ್ನೂ ಜೋರಾಗಿ ಹೇಳಿದ್ದೆ.

ಆಗಲೇ ಹೇಳಿಬಿಡಬೇಕಿತ್ತು. “ನೋಡೋಣ” ಎಂದು ಇಟ್ಟುಬಿಟ್ಟೆ.

ಅಕ್ಟೋಬರ್ 1, ಬುಧವಾರ

ಸಭೆಯಲ್ಲಿ ನನ್ನ ದನಿ ಚೆನ್ನಾಗಿ ಕೇಳಿತಂತೆ. ಎಲ್ಲರೂ ಹೊಗಳಿದರು.

ಅಕ್ಟೋಬರ್ 3, ಶುಕ್ರವಾರ

ಹೋದೆ.

ಎರಡು ಬಸ್ಸು. ಬೀದಿಯ ತಿರುವಿನಿಂದಲೇ ಗಾಜು ಕಂಡಿತು. ಪರದೆಯ ಮೇಲೆ ಹಿನ್ನೆಲೆಯಾಗಿ ನೋಡಿದ ರಸ್ತೆಯಲ್ಲಿ ನಾನೇ ನಡೆದುಕೊಂಡು ಹೋಗುವುದು ವಿಚಿತ್ರವಾಗಿತ್ತು. ಮೇಷ್ಟ್ರು ಒಳಗೆ ಬಟನ್ ಡಬ್ಬಿ ಮುಂದೆ ಕೂತು ಎಡಗೈಯಲ್ಲಿ ಬಣ್ಣ ಬೇರೆ ಮಾಡುತ್ತಿದ್ದರು. ನನ್ನನ್ನು ಕಂಡು ಏಳಲು ಹೋದರು. ಅದೊಂದನ್ನು ನೋಡಲಾಗಲಿಲ್ಲ.

ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಬಸ್ಸಿನಲ್ಲೇ ಉಳಿದಿದ್ದವು. ನಿಂತುಕೊಂಡೇ ಹೇಳಿದೆ, ಒಂದರ ಮೇಲೊಂದು ಬಿದ್ದ ಹಾಗೆ: ನೀವು ಎಳೀತಿದ್ರಿ. ದನಿ ಬರ್ತಿತ್ತು. ನಾನು ಹಾಕಿಸಿದ ಸೆಟ್ಟಿಂಗ್ ಅದನ್ನ ತಿಂದುಹಾಕ್ತಿತ್ತು. ನಿಮ್ಮ ಕಿವಿ ಸರಿಯಾಗಿದೆ. ನಾನು ತಪ್ಪು ಮಾಡಿ ನಿಮ್ಮನ್ನ ಬೈದೆ.

ದರ್ಜಿ ಕತ್ತರಿ ಕೆಳಗಿಟ್ಟರು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ ಅಲ್ವಾ?” ದನಿ ಏರಿಸಲಿಲ್ಲ, ಅದೇ ಕಷ್ಟವಾಯಿತು. “ನಾನು ಹೇಳಿದೆ ನಿಮಗೆ. ಇಲ್ಲಿ ಚೆನ್ನಾಗೇ ಎಳೀತಾರೆ ಅಂತ ಹೇಳಿದೆ. ‘ನಿಮಗೆ ಹಾಗೆ ಅನ್ನಿಸುತ್ತೆ’ ಅಂದ್ರಿ. ಓದಿದವರು ಹೇಳಿದ್ಮೇಲೆ ನನಗೂ ಅನುಮಾನ ಬಂತು ಮೇಡಂ. ನನ್ನ ಕಿವೀನೇ ನಾನು ನಂಬಲಿಲ್ಲ. ಒಂದು ದಿನ ಇವರಿಗೆ ನಾನೂ ಅಂದೆ, ‘ಸ್ವಲ್ಪ ಮನಸ್ಸಿಟ್ಟು ಮಾಡಬಾರದಾ?’ ಅಂತ.”



ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎಡಗೈ ಎತ್ತಿ, ಮಗುವನ್ನು ಸಮಾಧಾನ ಮಾಡುವ ಹಾಗೆ ಗಾಳಿಯಲ್ಲಿ ತಟ್ಟಿದರು. ಇರಲಿ, ಇರಲಿ. ಅವರು ನಂಬಿರಲಿಲ್ಲ. ರೋಗಿಗೆ ಧೈರ್ಯ ಹೇಳಲು ಚಿಕಿತ್ಸಕಿ ಮನೆವರೆಗೆ ಬಂದಿದ್ದಾಳೆ, ಒಳ್ಳೆಯವಳು ಎಂದುಕೊಂಡರು. ಬೈದಿದ್ದರೆ ಸಹಿಸುತ್ತಿದ್ದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು.

“ಈಗ ಒಂದು ಸಲ ಎಳೀರಿ ಸರ್, ನಾನಿಲ್ಲೇ ಕೇಳ್ತೀನಿ” ಎಂದೆ.

ತಲೆಯಾಡಿಸಿದರು, ಬೇಡ ಎಂದು. ಬಟನ್ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡರು.

ದರ್ಜಿ ಬಾಗಿಲವರೆಗೆ ಬಂದರು, ಕಳಿಸಿಕೊಡುವುದಕ್ಕೋ ಹೊರಹಾಕುವುದಕ್ಕೋ. “ಬಾಯಿ ಮಾತಿಗೆ ಅವರು ಬಗ್ಗಲ್ಲ. ಮೂವತ್ತು ವರ್ಷ ‘ಬ್ರೇಕ್ ಹಾಕಿದೆ ಸಾರ್’ ಅಂತ ಸುಳ್ಳು ಹೇಳೋರ ಪಕ್ಕ ಕೂತೋರು. ಗಾಡಿ ನಿಂತ್ರೆ ಮಾತ್ರ ನಂಬ್ತಾರೆ.”

ಅಕ್ಟೋಬರ್ 4, ಶನಿವಾರ

ಊಟದ ಮೇಜಿನಲ್ಲಿ ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಹೇಳುತ್ತಿರುವಾಗಲೇ ಆ ಉಗ್ಗುವ ಹುಡುಗಿಯ ಕಾಲ್ ಬಂತು. ಅಲ್ಲೇ, ಪಾತ್ರೆಗಳ ನಡುವೆಯೇ ತೆಗೆದುಕೊಂಡೆ. ‘ತಲೆ ಮೇಲೆ ಕೂತು ತಗೋತೀನಿ’ ಆಂಟಿ ಇದ್ದಾರಾ ಅಂತ ಕೇಳಿದಳು. ಇದ್ದಾರೆ ಎಂದು ಅಕ್ಕನ ಕಡೆಗೆ ತಿರುಗಿಸಿದೆ. ಪಾಠ ಸ್ವಲ್ಪ ಉದ್ದವಾಯಿತು.

ಅಕ್ಕ ಆಮೇಲೆ ಕೇಳಿದಳು, “ಅಲ್ಲ ಕಣೇ, ಅವರಿಗೆ ಅವರ ದನಿ ಕೇಳಿಸಿ ಏನು ಪ್ರಯೋಜನ? ಅವರಿಗೆ ಅದು ಕೇಳ್ತಾನೇ ಇದೆಯಲ್ಲ. ಇನ್ನೊಬ್ಬರ ದನಿ ಸಾಯೋದನ್ನ ತೋರಿಸು.”

ಇನ್ನೊಬ್ಬರದು ಅಂದರೆ ಯಾರದು ಎಂದು ಅವಳು ಹೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಅಕ್ಟೋಬರ್ 6, ಸೋಮವಾರ

ಮಧ್ಯಾಹ್ನದ ರಜೆ ಹಾಕಿ ಮತ್ತೆ ಹೋದೆ. ದರ್ಜಿ ನನ್ನನ್ನು ಕಂಡು, “ಬಂದ್ರಾ?” ಎಂದರು, ಬನ್ನಿ ಎನ್ನಲಿಲ್ಲ.

“ಅವರು ಏನೂ ಮಾಡಬೇಕಾಗಿಲ್ಲ. ಒಂದು ಐದು ನಿಮಿಷ ರಸ್ತೇಲಿ ನಿಂತ್ರೆ ಸಾಕು” ಎಂದೆ.

ಮೇಷ್ಟ್ರ ಕಿವಿಗೆ ನನ್ನ ಹೊಸ ಹೆಡ್‌ಫೋನ್ ಹಾಕಿದೆ, ಹೊರಗಿನ ಸದ್ದು ಬಾರದಂಥ ದಪ್ಪನೆಯದು. ಕೈಗೆ ನನ್ನ ಫೋನ್ ಕೊಟ್ಟು ಫುಟ್‌ಪಾತಿನಲ್ಲಿ, ಗಾಜಿನ ಆಚೆ ನಿಲ್ಲಿಸಿ ಬಾಗಿಲು ಹಾಕಿದೆ. ಒಳಗೆ ಬಂದು ಅವರ ಕುರ್ಚಿಯಲ್ಲಿ, ಅವರ ಲ್ಯಾಪ್‌ಟಾಪಿನ ಮುಂದೆ, ಆದರೆ ಗಾಜಿನ ಕಡೆಗೆ ಮುಖ ಮಾಡಿ ಕೂತೆ. ಆ ಸೆಟ್ಟಿಂಗ್ ಇನ್ನೂ ‘ಹೆಚ್ಚು’ ಎಂದೇ ಇತ್ತು, ನಾನು ಹೇಳಿದ ಹಾಗೇ. ಅದರಿಂದ ನನ್ನ ಫೋನಿಗೆ ಕಾಲ್ ಹಚ್ಚಿದೆ.

“ಕೇಳಿಸ್ತಿದೆಯಾ ಸರ್?” ಎಂದೆ. ಗಾಜಿನ ಆಚೆ ತಲೆಯಾಡಿಸಿದರು.

‘ಆ’ ಎಂದು ಎಳೆದೆ.

ಎರಡು ಗೊಂಬೆಗಳ ನಡುವೆ, ನಡುಹಗಲಲ್ಲಿ, ಬಾಯಿ ಅಷ್ಟಗಲ ತೆರೆದುಕೊಂಡು ಒಬ್ಬ ಹೆಂಗಸು. ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು. ಫೋನ್ ನೋಡಿದರು, ನನ್ನನ್ನು ನೋಡಿದರು. ನಾನು ನಿಲ್ಲಿಸಲಿಲ್ಲ. ಉಸಿರು ತೀರುತ್ತಾ ಬಂದಂತೆ ದನಿ ನಡುಗಿ ಒಡೆಯಿತು. ಆ ಸಣ್ಣ ಅಂಗಡಿಯಲ್ಲಿ ಅದು ನನಗೇ ಭಯಂಕರವಾಗಿ ಕೇಳುತ್ತಿತ್ತು. ಚೀಲ ಹಿಡಿದ ಮುದುಕಿಯೊಬ್ಬರು ನಿಂತು ನೋಡಿದರು. ಅವರ ಹಿಂದೆ ಇಬ್ಬರು ಹುಡುಗಿಯರು, ಒಬ್ಬಳು ನನ್ನ ಹಾಗೇ ಬಾಯಿ ತೆರೆದು ಅಣಕಿಸಿದಳು.

ಮೇಷ್ಟ್ರು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಬಾಗಿಲನ್ನು ಒಂಚೂರು ತೆರೆದರು. ಒಳಗಿನಿಂದ ನನ್ನ ‘ಆ’ ಹೊರಗೆ ನುಗ್ಗಿತು. ಬಾಗಿಲು ಮುಚ್ಚಿದರು. ಹೆಡ್‌ಫೋನ್ ಹಾಕಿಕೊಂಡರು. ಮತ್ತೆ ತೆರೆದರು. ನಾನು ಉಸಿರು ತೆಗೆದುಕೊಂಡು ಮತ್ತೆ ಎಳೆದೆ, ಮತ್ತೆ ಎಳೆದೆ. ಬಾಗಿಲು ತೆರೆದರೆ ಇದೆ, ಮುಚ್ಚಿದರೆ ಇಲ್ಲ. ಎಷ್ಟು ಸಲ ಹಾಗೆ ಮಾಡಿಸಿದರೋ. ಗಾಡಿಯ ಬ್ರೇಕ್ ಪರೀಕ್ಷೆ ಮಾಡುವವರ ಗಂಭೀರ ಮುಖ.

“ಸಾಕು ಮಾಡ್ರೀ” ಎಂದರು ದರ್ಜಿ ನನಗೆ. “ಗಿರಾಕಿಗಳು ಓಡಿಹೋಗ್ತಾರೆ.” ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಗುತ್ತಿದ್ದರೋ ಏನೋ, ನಾನು ಆ ಕಡೆ ನೋಡಲಿಲ್ಲ.

ಮೇಷ್ಟ್ರು ಒಳಗೆ ಬಂದರು. ನಾನು ಕುರ್ಚಿ ಬಿಟ್ಟು ಎದ್ದೆ. ಮುಖ ಬೆವರಿತ್ತು, ಗಂಟಲು ಕೆರೆಯುತ್ತಿತ್ತು, ಗಾಜಿನ ಆಚೆ ಆ ಹುಡುಗಿಯರು ಇನ್ನೂ ನಿಂತೇ ಇದ್ದರು. ಮೇಷ್ಟ್ರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು, ಲೈಸೆನ್ಸಿಗೆ ಬಂದವಳನ್ನು ನೋಡುವ ಹಾಗೆ. ಉಸಿರು ತುಂಬಿಕೊಂಡರು.

“ಫೇಲ್” ಎಂದರು.

ಗಾಳಿಯೇ ಹೆಚ್ಚಿದ್ದ ದನಿ. ಆದರೆ ಮೊದಲಿನಿಂದ ಕೊನೆಯವರೆಗೆ ಇತ್ತು. ದರ್ಜಿ ಸೆರಗು ಇಳಿಸಿ ಗಂಡನನ್ನು ನೋಡಿದರು.

“ಹೌದು ಸರ್” ಎಂದೆ.

ಅವರು ಇನ್ನೊಂದು ಉಸಿರು ತೆಗೆದುಕೊಂಡರು. ಇದು ಉದ್ದದ ಪದ, ತಡವಾಯಿತು. ನಾವಿಬ್ಬರೂ ಕಾದೆವು.

“ಮಂಗಳ... ವಾರ.”

ನನಗೆ ತಿಳಿಯಲಿಲ್ಲ. ದರ್ಜಿಯ ಕಡೆ ನೋಡಿದೆ.

“ಫೇಲಾದವರಿಗೆ ಮತ್ತೆ ಡೇಟ್ ಕೊಡ್ತಾರೆ ಅವರು” ಎಂದರು ದರ್ಜಿ. “ಸುಮ್ನೆ ಬಿಡೋರಲ್ಲ.”

ಮಂಗಳವಾರ ಅಂದರೆ ನಾಳೆಯೇ.